ಆಟದ ತಟ್ಟೆಯಲ್ಲಿ ಸಂಗೀತದ ಪಾಠ

ಕೇಳುವುದು ಬೇರೆ, ಆಲಿಸುವುದು ಬೇರೆ. ಬೀದಿಯಲ್ಲಿ ನಡೆದು ಹೋಗುವಾಗ ಯಾವುದೋ ಮನೆಯಿಂದ ತೇಲಿಬಂದ ಹಾಡು ನಮ್ಮ ಕಿವಿಗೆ ಬೀಳುತ್ತದೆ. ಅದರಲ್ಲಿ ಯಾವ ವಾದ್ಯಗಳಿದ್ದುವು, ಪಲ್ಲವಿಯು ಎಷ್ಟು ಸಲ ಮರಳಿ ಬಂದಿತು, ಮರಳಿದಾಗ ಏನು ಬದಲಾಗಿತ್ತು ಎಂದು ಯಾರಾದರೂ ಪ್ರಶ್ನಿಸಿದರೆ ನಾವು ಉತ್ತರ ಹೇಳಲಾರೆವು. ಇಂತಹ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಗಮನವೇ ರಸಾಸ್ವಾದನೆಯ ಮೊದಲ ಮೆಟ್ಟಿಲು. ಗುರುವಿನ ಬಳಿ ಕಲಿತು, ಕಚೇರಿಗಳಲ್ಲಿ ಕುಳಿತು ಬೆಳೆಸಿಕೊಳ್ಳತಕ್ಕ ಗುಣವಿದೆಂದು ಸಾಮಾನ್ಯವಾದ ನಂಬಿಕೆ. ಮಕ್ಕಳು ಹೊತ್ತು ಕಳೆಯಲೆಂದು ಆಡುವ ವಿಡಿಯೊ ಆಟವೂ ಇದನ್ನು ಬೆಳೆಸಬಲ್ಲುದೆಂದರೆ ಹಿರಿಯರು ನಕ್ಕಾರು. ಆದರೆ 1980ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷಗಳ ಕಾಲ ಜಪಾನ್, ಅಮೆರಿಕ ಮತ್ತು ಯೂರೋಪುಗಳಲ್ಲಿ ನಡೆದ ಒಂದು ಮಾರ್ಪಾಡನ್ನು ಪರಿಶೀಲಿಸಿದರೆ, ಆ ನಗೆ ಅವಸರದ್ದೆಂದು ತೋರುವುದು.

ಐದು ಮಾರ್ಗಗಳ ವಾದ್ಯವೃಂದ

1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಫ್ಯಾಮಿಕಾಂ ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ಧ್ವನಿಘಟಕದಲ್ಲಿ ಐದು ಮಾರ್ಗಗಳಿದ್ದುವು: ಚೌಕಾಕಾರದ ತರಂಗಗಳನ್ನು ಹುಟ್ಟಿಸುವ ಎರಡು, ತ್ರಿಕೋನಾಕಾರದ ತರಂಗಕ್ಕೆ ಒಂದು, ಗಾಳಿಯ ಮೊರೆತದಂತಹ ಸದ್ದಿಗೆ ಒಂದು, ಮುದ್ರಿಸಿದ ಚಿಕ್ಕ ಧ್ವನಿತುಣುಕುಗಳಿಗೆ ಒಂದು. ಯಂತ್ರದಲ್ಲಿ ಸಂಗೀತವನ್ನು ಮುದ್ರಿಸಿ ಇಡುತ್ತಿರಲಿಲ್ಲ. ಯಾವ ಸ್ವರವನ್ನು ಎಷ್ಟು ಹೊತ್ತು ನುಡಿಸಬೇಕೆಂಬ ಸೂಚನೆಗಳನ್ನು ಮಾತ್ರ ಇಡುತ್ತಿದ್ದರು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಕೋಜಿ ಕೊಂಡೊ ಅವರು ರಚಿಸಿದ ಸಂಗೀತವು ಇದೇ ಬಗೆಯದು. ಚಿತ್ರ, ಸಂಗೀತ, ಆಟದ ನಿಯಮ ಎಲ್ಲವೂ ಸೇರಿ ಆ ಆಟದ ಗಾತ್ರ 40 ಕಿಲೋಬೈಟು, ಎಂದರೆ 40,960 ಬೈಟು ಮಾತ್ರ.

ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ತಟ್ಟೆಯ ಲೆಕ್ಕ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕ್, ವಾಡಿಕೆಯ ಮಾತಿನಲ್ಲಿ ಸಿ.ಡಿ., 1982ರಲ್ಲಿ ಜಪಾನಿನ ಅಂಗಡಿಗಳಿಗೆ ಬಂದಿತು. ಧ್ವನಿಯ ತರಂಗವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುವುದೇ ಅದರ ತತ್ತ್ವ. ಇಷ್ಟು ಸಲವೇ ಏಕೆ? ಒಂದು ಕಂಪನವನ್ನು ತಪ್ಪಿಲ್ಲದೆ ಗುರುತಿಸಲು ಎರಡಕ್ಕಿಂತ ಹೆಚ್ಚು ಅಳತೆಗಳು ಬೇಕು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲುದು. ಆದುದರಿಂದ ಅಳತೆಗಳು 40,000ವನ್ನು ಮೀರಲೇಬೇಕು. ಇನ್ನು ಪ್ರತಿ ಅಳತೆಗೂ 16 ಬಿಟ್ಟುಗಳನ್ನು ಮೀಸಲಿಟ್ಟಿರುವುದರಿಂದ, ಅತಿ ಮೆಲುದನಿಯಿಂದ ಅತಿ ಗಟ್ಟಿದನಿಯವರೆಗೆ 65,536 ಮೆಟ್ಟಿಲುಗಳು ದೊರೆಯುತ್ತವೆ.

ಎಡ ಬಲ ಎರಡು ಕಿವಿಗಳಿಗೂ ಪ್ರತ್ಯೇಕ ಧ್ವನಿಯಿರುವುದರಿಂದ ಒಂದು ಸೆಕೆಂಡಿನ ಸಂಗೀತಕ್ಕೆ 1,76,400 ಬೈಟುಗಳು ಬೇಕಾಗುತ್ತವೆ. ಮೇಲೆ ಹೇಳಿದ ಮಾರಿಯೊ ಆಟವನ್ನು ಇದರೊಡನೆ ಹೋಲಿಸಿ ನೋಡೋಣ. ಅಷ್ಟು ದೊಡ್ಡ ಹೆಸರು ಪಡೆದ ಆ ಇಡೀ ಆಟವು ಸಿ.ಡಿ. ಸಂಗೀತದ ಕಾಲು ಸೆಕೆಂಡಿಗೂ ಸಾಲದು! 1988ರಲ್ಲಿ ಪಿ.ಸಿ. ಎಂಜಿನ್ ಯಂತ್ರಕ್ಕೆ ಸಿ.ಡಿ. ಓದುವ ಉಪಕರಣವು ಜಪಾನಿನಲ್ಲಿ ದೊರೆತಾಗ, ಆಟದ ಸಂಗೀತಗಾರನಿಗೆ ಎಂತಹ ಬಾಗಿಲು ತೆರೆಯಿತೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುವುದು.

ನಾದಗುಣದ ಪರಿಚಯ

ಒಂದೇ ಶ್ರುತಿಯ ಷಡ್ಜವನ್ನು ವೀಣೆಯಲ್ಲಿಯೂ ಕೊಳಲಿನಲ್ಲಿಯೂ ನುಡಿಸಿದರೆ, ಇದು ವೀಣೆ, ಇದು ಕೊಳಲು ಎಂದು ಕಣ್ಣು ಮುಚ್ಚಿಯೇ ಹೇಳಬಲ್ಲೆವು. ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳ ಪ್ರಮಾಣವು ಒಂದೊಂದು ವಾದ್ಯದಲ್ಲಿ ಒಂದೊಂದು ಬಗೆಯಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಇದನ್ನೇ ನಾದಗುಣ ಎನ್ನುವರು. ಮೀಟಿದ ತಂತಿಯಲ್ಲಿ ಈ ಪ್ರಮಾಣವು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಳೆಯ ಧ್ವನಿಘಟಕದ ಚೌಕತರಂಗದಲ್ಲಿ ಅದು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಸಿ.ಡಿ.ಯಾದರೋ ಯಾವ ವಾದ್ಯದ ನಾದಗುಣವನ್ನಾದರೂ ಇದ್ದಂತೆಯೇ ಹಿಡಿದಿಡಬಲ್ಲುದು.

1987ರಲ್ಲಿ ಫಾಲ್ಕಂ ಸಂಸ್ಥೆಯು ಗೃಹಗಣಕಕ್ಕಾಗಿ ಹೊರತಂದ ‘ಈಸ್’ ಎಂಬ ಆಟದ ಚರಿತ್ರೆ ಇಲ್ಲಿ ಬೋಧಪ್ರದವಾಗಿದೆ. ಅದರ ಸಂಗೀತವನ್ನು ಯುಝೊ ಕೊಶಿರೊ, ಮಿಯೆಕೊ ಇಷಿಕಾವಾ ಮೊದಲಾದವರು ಗಣಕದ ಧ್ವನಿಘಟಕಕ್ಕೆ ಹೊಂದುವಂತೆ ರಚಿಸಿದ್ದರು. 1989ರಲ್ಲಿ ಆ ಆಟದ ಎರಡು ಭಾಗಗಳೂ ಒಂದೇ ಸಿ.ಡಿ.ಯಲ್ಲಿ ಬಂದಾಗ, ರಿಯೊ ಯೊನೆಮಿತ್ಸು ಅವರು ಅನೇಕ ಕೃತಿಗಳನ್ನು ಹೊಸದಾಗಿ ಅಣಿಗೊಳಿಸಿದರು. ರಾಗರಚನೆ ಹಳೆಯದೇ, ಅದರ ಮೈ ಹೊಸದು. ಎರಡನ್ನೂ ಬಲ್ಲವನಿಗೆ, ಸಂಯೋಜಕನ ಕೆಲಸವೆಲ್ಲಿ ಮುಗಿಯುತ್ತದೆ, ಅಣಿಗೊಳಿಸುವವನ ಕೆಲಸವೆಲ್ಲಿ ಆರಂಭವಾಗುತ್ತದೆ ಎಂಬುದು ಪಾಠವಿಲ್ಲದೆಯೇ ತಿಳಿಯುವುದು.

ಒಂದು ಮೂಲ, ಹಲವು ರೂಪ

ಇದಕ್ಕಿಂತಲೂ ಚೆನ್ನಾದ ಉದಾಹರಣೆ 1993ರ ‘ಸೋನಿಕ್ ಸಿ.ಡಿ.’. ಇದರಲ್ಲಿ ಆಟಗಾರನು ಒಂದೇ ಸ್ಥಳವನ್ನು ವರ್ತಮಾನ, ಭೂತ, ಒಳ್ಳೆಯ ಭವಿಷ್ಯ, ಕೆಟ್ಟ ಭವಿಷ್ಯ ಎಂಬ ನಾಲ್ಕು ಕಾಲಗಳಲ್ಲಿ ಕಾಣುತ್ತಾನೆ. ಕಾಲ ಬದಲಾದಂತೆ ಸಂಗೀತವೂ ಬದಲಾಗುತ್ತದೆ. ಮೂಲ ವಸ್ತುವೊಂದನ್ನು ಇಟ್ಟುಕೊಂಡು ಅದನ್ನು ಬಗೆಬಗೆಯಾಗಿ ಮಾರ್ಪಡಿಸುವ ಈ ಕ್ರಮವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಬಹು ಹಳೆಯದು. ಅಲ್ಲಿ ಅದನ್ನು ಗ್ರಹಿಸಲು ಅಭ್ಯಾಸ ಬೇಕು. ಇಲ್ಲಿ ಕಣ್ಣೆದುರಿನ ದೃಶ್ಯವೇ ಕಿವಿಗೆ ದಾರಿ ತೋರಿಸುತ್ತದೆ. ವಿಶೇಷವೇನೆಂದರೆ, ಭೂತಕಾಲದ ಸಂಗೀತವನ್ನು ಮಾತ್ರ ತಟ್ಟೆಯ ಧ್ವನಿಮುದ್ರಣದಿಂದಲ್ಲ, ಯಂತ್ರದೊಳಗಿನ ಧ್ವನಿಘಟಕದಿಂದಲೇ ನುಡಿಸಲಾಗುತ್ತದೆ. ಹೀಗೆ ಒಂದೇ ಆಟದಲ್ಲಿ ಎರಡು ಬಗೆಯ ಧ್ವನಿಯನ್ನೂ ಹೋಲಿಸಿ ನೋಡಬಹುದು.

ಈ ಆಟದ ಜಪಾನೀ ಸಂಗೀತವು ನಾವೊಫುಮಿ ಹತಾಯಾ ಮತ್ತು ಮಸಾಫುಮಿ ಒಗಾತಾ ಅವರದು. ಅಮೆರಿಕದಲ್ಲಿ ಮಾರಿದ ತಟ್ಟೆಗೆ ಸ್ಪೆನ್ಸರ್ ನಿಲ್ಸನ್ ಮೊದಲಾದವರು ಬೇರೆ ಸಂಗೀತವನ್ನು ರಚಿಸಿದರು. ದೃಶ್ಯ ಅದೇ, ಓಟ ಅದೇ, ಭಾವ ಮಾತ್ರ ಬೇರೆ! 2011ರ ಮರುಪ್ರಕಟಣೆಯಲ್ಲಿ ಎರಡರಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಅವಕಾಶವನ್ನಿತ್ತರು.

ಆಟದಿಂದ ಹೊರಬಂದ ಸಂಗೀತ

1996ರ ‘ಕ್ವೇಕ್’ ಆಟಕ್ಕೆ ಟ್ರೆಂಟ್ ರೆಜ್ನರ್ ಮತ್ತು ಅವರ ನೈನ್ ಇಂಚ್ ನೇಲ್ಸ್ ತಂಡವು ಸಂಗೀತ ನೀಡಿತು. ಆ ತಟ್ಟೆಯ ಮೊದಲ ಭಾಗ ಆಟದ ಮಾಹಿತಿ. ಉಳಿದುವು ಶುದ್ಧ ಸಂಗೀತ. ಆದುದರಿಂದ ಮೊದಲ ಭಾಗವನ್ನು ದಾಟಿಸಿ, ಸಾಮಾನ್ಯ ಸಿ.ಡಿ. ಯಂತ್ರದಲ್ಲಿಯೇ ಅದನ್ನು ನುಡಿಸಬಹುದಾಗಿತ್ತು. ಆಟಕ್ಕೆ ಹಿನ್ನೆಲೆಯಾಗಿದ್ದುದು ಹೀಗೆ ಸ್ವತಂತ್ರ ಕೃತಿಯಾಯಿತು. ಆಡುವಾಗ ಹತ್ತಾರು ಸಲ ಕಿವಿಗೆ ಬಿದ್ದುದನ್ನು ಬಿಡುವಾಗಿ ಕುಳಿತು ಮತ್ತೊಮ್ಮೆ ಕೇಳುವಾಗ, ಮೊದಲು ಗಮನಿಸದಿದ್ದ ಎಳೆಗಳು ಹೊರಬೀಳುತ್ತವೆ. ಕೇಳುವಿಕೆಯು ಆಲಿಸುವಿಕೆಯಾಗುವ ಘಳಿಗೆ ಇದೇ.

ಲಾಭದೊಡನೆ ನಷ್ಟ

ಸಿ.ಡಿ.ಯಿಂದ ಎಲ್ಲವೂ ಒಳಿತೇ ಆಯಿತೆಂದರೆ ತಪ್ಪಾದೀತು. ತಟ್ಟೆಯನ್ನು ಓದುವ ಲೇಸರ್ ಕಿರಣ ಒಂದೇ. ಅದು ಸಂಗೀತವನ್ನು ಓದುತ್ತಿರುವಾಗ ಹೊಸ ದೃಶ್ಯದ ಮಾಹಿತಿಯನ್ನು ತರಲಾರದು. ಕೃತಿಯು ಮುಗಿದು ಮತ್ತೆ ಆರಂಭವಾಗುವ ಮುನ್ನ ಮೌನದ ಒಂದು ತಡೆಯೂ ಕಾಣುತ್ತಿತ್ತು. ಇದಲ್ಲದೆ, ಮುದ್ರಿತ ಸಂಗೀತವು ಆಟಗಾರನ ಸ್ಥಿತಿಗೆ ಒಡನೆಯೇ ಓಗೊಡಲಾರದು. ಮಾರಿಯೊ ಆಟದ ಗಡಿಯಾರವು 100ಕ್ಕೆ ಇಳಿದಾಗ ಸಂಗೀತದ ನಡೆ ಚುರುಕಾಗುತ್ತದೆ. ಸೂಚನೆಗಳನ್ನು ಬೇಗ ಬೇಗ ಓದಿದರೆ ಸಾಕು. ಮುದ್ರಿತ ತಟ್ಟೆಯಲ್ಲಿ ಇಂತಹ ಚಮತ್ಕಾರ ಸುಲಭವಲ್ಲ. 1997ರ ‘ಫೈನಲ್ ಫ್ಯಾಂಟಸಿ 7’ ಸಿ.ಡಿ.ಗಳಲ್ಲಿಯೇ ಬಂದಿದ್ದರೂ, ನೊಬುವೊ ಉಎಮಾತ್ಸು ಅವರ ಸಂಗೀತದ ಬಹುಭಾಗವನ್ನು ಯಂತ್ರದ ಧ್ವನಿಘಟಕದಿಂದಲೇ ನುಡಿಸಿದರು.

ಧ್ವನಿಯ ಶುದ್ಧಿಯೇ ಸಂಗೀತದ ಹಿರಿಮೆಯಲ್ಲವೆಂಬುದನ್ನೂ ಮರೆಯಬಾರದು. ಕೊಯಿಚಿ ಸುಗಿಯಾಮಾ ಅವರು ಫ್ಯಾಮಿಕಾಂ ಯಂತ್ರಕ್ಕಾಗಿ ರಚಿಸಿದ ‘ಡ್ರ್ಯಾಗನ್ ಕ್ವೆಸ್ಟ್’ ಸಂಗೀತವು, ಸಿ.ಡಿ. ಆಟಗಳು ಹುಟ್ಟುವ ಮೊದಲೇ, 1987ರಲ್ಲಿ ಟೋಕಿಯೊ ನಗರದ ಕಚೇರಿಯಲ್ಲಿ ನಿಜವಾದ ವಾದ್ಯಗಳಲ್ಲಿ ನುಡಿಯಿತು. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಕ್ರೀಡಾಪಟುಗಳ ಮೆರವಣಿಗೆ ಆರಂಭವಾದುದು ಅದೇ ಸಂಗೀತದೊಡನೆ. ತಂತ್ರವು ಸಂಗೀತವನ್ನು ಹುಟ್ಟಿಸಲಿಲ್ಲ. ಸಂಗೀತದ ಒಳಗನ್ನು ಕಾಣಲು ಕಿವಿಗೆ ಬೆಳಕನ್ನು ಒದಗಿಸಿತು.

ವಿದ್ಯಾರ್ಥಿಗಳು ಈ ಮಾತನ್ನು ತಾವೇ ಪರೀಕ್ಷಿಸಿ ನೋಡಬಹುದು. ಒಂದು ಆಟದ ಸಂಗೀತವನ್ನು ಹಳೆಯ ಧ್ವನಿಘಟಕದ ರೂಪದಲ್ಲಿ ಮೊದಲು ಕೇಳಿ, ರಾಗದ ಎಳೆಯನ್ನು ಬಾಯಲ್ಲಿ ಗುನುಗಿಕೊಳ್ಳಲಿ. ಅನಂತರ ಅದರ ಸಿ.ಡಿ. ರೂಪವನ್ನು ಮೂರು ಸಲ ಕೇಳಲಿ: ಒಂದು ಸಲ ಮೇಲಿನ ರಾಗಕ್ಕಾಗಿ, ಒಂದು ಸಲ ಕೆಳಗಿನ ಮಂದ್ರಸ್ವರಗಳಿಗಾಗಿ, ಒಂದು ಸಲ ಲಯಕ್ಕಾಗಿ. ಪ್ರತಿ ಸಲವೂ ಕಿವಿಗೆ ಹೊಸದಾಗಿ ಸಿಕ್ಕಿದುದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಲಿ. ಮೂರನೆಯ ಸಲವೂ ಪಟ್ಟಿ ಬೆಳೆಯಿತಾದರೆ, ಆಟವು ಅವರಿಗೆ ಪಾಠವಾಯಿತೆಂದೇ ಅರ್ಥ. ಇದೇ ಕಿವಿಯನ್ನು ಹೊತ್ತು ನಾಳೆ ಅವರು ಯಾವ ಸಂಗೀತಸಭೆಗೆ ಹೋದರೂ ಬರಿಗೈಯಲ್ಲಿ ಹಿಂದಿರುಗಲಾರರು.