ತೋಮನ ಬೆಟ್ಟದಲ್ಲಿ ಕಲಿತ ಪಾಠ

(ಓದತಕ್ಕ ಭಾಗಗಳು: ಯೋಹಾನ 4:19–24, 20:24–29)



ನಮ್ಮ ಸಭೆಯ ಒಬ್ಬ ತಾಯಿಯ ಎಳೆಯ ಮಗನು ಜ್ವರದಿಂದ ತೀರಿಹೋದನು. ಕೆಲವು ದಿವಸಗಳ ಮೇಲೆ ಆಕೆಯು ನನ್ನ ಬಳಿಗೆ ಬಂದು, “ಉಪದೇಶಿಯವರೇ, ಚೆನ್ನೈ ಪಟ್ಟಣದ ತೋಮನ ಬೆಟ್ಟಕ್ಕೆ ಹರಕೆ ಹೊತ್ತವರ ಮಕ್ಕಳು ಬದುಕಿಕೊಂಡರಂತೆ. ನಾನು ಹೊರದೆ ಇದ್ದದರಿಂದಲೇ ನನ್ನ ಕೂಸು ಹೋಯಿತೋ?” ಎಂದು ಕೇಳಿದಳು. ಹರಕೆಯು ಅಜ್ಞಾನಿಗಳ ಪದ್ಧತಿಯೆಂದು ಗದರಿಸಿ ಆಕೆಯನ್ನು ಕಳುಹಿಸಿಬಿಟ್ಟೆನು. ಆಕೆಯು ಅಳುತ್ತಾ ಹೋದಳು. ನನ್ನ ಮಾತು ನಿಜವಾಗಿದ್ದರೂ ಅದರಲ್ಲಿ ಪ್ರೀತಿ ಇರಲಿಲ್ಲವೆಂದು ಮನಸ್ಸಾಕ್ಷಿಯು ನನ್ನನ್ನು ಚುಚ್ಚುತ್ತಿತ್ತು. ತರುವಾಯ ಕೆಲಸದ ನಿಮಿತ್ತ ಆ ಪಟ್ಟಣಕ್ಕೆ ಹೋದಾಗ ಬೆಟ್ಟವನ್ನು ಹತ್ತಿ ನೋಡಿದೆನು.

ಆ ಬೆಟ್ಟವು ಸುಮಾರು 300 ಅಡಿ ಎತ್ತರವಾದದ್ದು. ಪೇತ್ರುಸ್ ಉಸ್ಕಾನ್ ಎಂಬ ಅರ್ಮೇನಿಯದ ವರ್ತಕನು 1726ರಲ್ಲಿ ಯಾತ್ರಿಕರಿಗಾಗಿ ಅದಕ್ಕೆ ಮೆಟ್ಟಲುಗಳನ್ನು ಕಟ್ಟಿಸಿದನು. ತುದಿಯಲ್ಲಿ ಪೋರ್ತುಗೀಸರು 1523ರಲ್ಲಿ ಕಟ್ಟಿದ ಚಿಕ್ಕ ದೇವಾಲಯವುಂಟು. 1547ರಲ್ಲಿ ಅಲ್ಲಿ ನೆಲವನ್ನು ಅಗೆಯುವಾಗ ದೊರಕಿದ ಕಲ್ಲಿನ ಶಿಲುಬೆಯನ್ನು ಅದರೊಳಗೆ ಇಟ್ಟಿದ್ದಾರೆ. ಅಪೊಸ್ತಲನಾದ ತೋಮನೇ ಇದನ್ನು ಕೆತ್ತಿದನೆಂದೂ, 1558ನೆಯ ಇಸವಿ ದಶಂಬರ 18ರಲ್ಲಿ ಇದು ರಕ್ತದ ಬೆವರನ್ನು ಸುರಿಸಿತೆಂದೂ ರೋಮನ್ ಕಥೋಲಿಕರು ಹೇಳುತ್ತಾರೆ. ಆದರೆ ಶಿಲುಬೆಯ ಸುತ್ತಲಿರುವ ಅಕ್ಷರಗಳು ಪಾರಸೀಯ ದೇಶದ ಪಹ್ಲವಿ ಲಿಪಿಯವು. ಅಪೊಸ್ತಲನ ಕಾಲಕ್ಕೆ ಅನೇಕ ಶತಮಾನಗಳ ತರುವಾಯ ಕೆತ್ತಲ್ಪಟ್ಟವು. ಅದನ್ನು ಮಾಡಿಸಿದವನು ತನ್ನ ಮೇಲೆ ಕರುಣೆಯಿಡಬೇಕೆಂದು ಕ್ರಿಸ್ತನನ್ನು ಬೇಡಿಕೊಳ್ಳುವದಾಗಿ ಕೆಲವು ಪಂಡಿತರು ಅದನ್ನು ಓದಿದ್ದಾರೆ. ಅವನು ಕರುಣೆಯನ್ನು ಬೇಡಿದ್ದು ಕಲ್ಲಿನಿಂದಲ್ಲ, ಕರ್ತನಿಂದಲೇ ಎಂಬದನ್ನು ಗಮನಿಸಿರಿ.

ಅಲ್ಲಿ ಮೊಣಕಾಲೂರಿದ್ದ ಒಬ್ಬ ಹೆಂಗಸಿನ ಕಣ್ಣೀರನ್ನು ಕಂಡಾಗ ನಮ್ಮ ಸಭೆಯ ತಾಯಿಯ ನೆನಪಾಯಿತು. ಅವಳನ್ನು ಹೀನೈಸಲು ನನಗೆ ಮನಸ್ಸಾಗಲಿಲ್ಲ. ಆಗ ಒಂದು ವಿಚಾರವು ತೋಚಿತು. ತೋಮನು ಇದೇ ಬೆಟ್ಟದಲ್ಲಿ ಭರ್ಜಿಯಿಂದ ತಿವಿಯಲ್ಪಟ್ಟು ರಕ್ತಸಾಕ್ಷಿಯಾದನೆಂದಲ್ಲವೇ ಪೂರ್ವಿಕರ ಮಾತು? ಮರಣವನ್ನು ತಡೆಯುವ ಶಕ್ತಿಯು ಈ ಸ್ಥಳಕ್ಕಿದ್ದರೆ ಮೊದಲು ಅವನನ್ನೇ ಕಾಪಾಡಬೇಕಾಗಿತ್ತು. ಬೆಟ್ಟವು ಅವನನ್ನು ಉಳಿಸಲಿಲ್ಲ; ಆದರೂ ಅವನು ಕರ್ತನ ಕೈಯಿಂದ ಬಿದ್ದುಹೋಗಲಿಲ್ಲ. ಸಮಾರ್ಯದ ಸ್ತ್ರೀಯು ಆರಾಧನೆಗೆ ಯಾವ ಬೆಟ್ಟವು ತಕ್ಕದ್ದೆಂದು ಕೇಳಿದಾಗ ಯೇಸು ಸ್ವಾಮಿಯು ಬೆಟ್ಟವನ್ನು ತೋರಿಸಲಿಲ್ಲ, ತಂದೆಯನ್ನೇ ತೋರಿಸಿದನು.

ಊರಿಗೆ ಬಂದವನೇ ಆ ತಾಯಿಯ ಮನೆಗೆ ಹೋಗಿ, ಮೊದಲು ನನ್ನ ಕಠಿಣವಾದ ಮಾತಿಗೆ ಕ್ಷಮೆ ಬೇಡಿದೆನು. ಆಮೇಲೆ ಇವೆಲ್ಲವನ್ನು ತಿಳಿಸಿದೆನು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ತಪ್ಪಿನಿಂದ ಅವನು ಹೋಗಲಿಲ್ಲವೋ?” ಎಂದಳು. “ಇಲ್ಲಮ್ಮಾ. ಅವನ ಹಾಸಿಗೆಯ ಬಳಿಯಲ್ಲಿ ನೀನು ಮಾಡಿದ ಪ್ರಾರ್ಥನೆಯನ್ನು ಕರ್ತನು ಅಲ್ಲಿಯೇ ಕೇಳಿದನು” ಎಂದೆನು. ಮಗುವನ್ನು ಯಾಕೆ ಕರೆದುಕೊಂಡನೆಂದು ನಾನು ಹೇಳಲಾರದೆ ಹೋದೆನು. ಇಬ್ಬರೂ ಅದೇ ಜಗಲಿಯ ಮೇಲೆ ಮೊಣಕಾಲೂರಿದೆವು.

ಪ್ರಿಯರೇ, ಪೂರ್ವಿಕರ ಗುರುತುಗಳನ್ನು ನೋಡಿ ದೇವರನ್ನು ಸ್ತುತಿಸುವದು ಒಳ್ಳೇದು. ಆದರೆ ಹೋಗಲಾರದ ಬಡವನಿಗೆ ಕೃಪೆಯು ಎಳ್ಳಷ್ಟೂ ಕಡಿಮೆಯಾಗದು. ದುಃಖದಲ್ಲಿರುವವರನ್ನು ಗದರಿಸದೆ, ಅವರ ಸಂಗಡ ಕುಳಿತು ಕಲಿಸಿರಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಹರಕೆಗೂ ಪ್ರಾರ್ಥನೆಗೂ ಇರುವ ಭೇದವೇನು?
2. ಸಂಶಯಪಟ್ಟ ತೋಮನ ಸಂಗಡ ಕರ್ತನು ಹೇಗೆ ನಡೆದುಕೊಂಡನು?
3. ನಮ್ಮ ಊರಿನಲ್ಲಿ ಮಗುವನ್ನು ಕಳಕೊಂಡ ಮನೆಗೆ ಈ ವಾರದಲ್ಲಿ ಯಾರು ಹೋಗುವಿರಿ?