ಚಕ್ರದ ಬೂಟು ಮತ್ತು ಬೆಳೆಯುವ ಎಲುಬು

ಮೊಮ್ಮಗನಿಗೆ ಹಿಮ್ಮಡಿಯಲ್ಲಿ ಚಕ್ರವಿರುವ ಬೂಟು ಕೊಡಿಸಿದ ಸದ್ಭಕ್ತರೊಬ್ಬರು, ‘ಡಾಕ್ಟರೇ, ಇದರಿಂದ ಕಾಲಿಗೇನೂ ಆಗದಲ್ಲವೇ?’ ಎಂದು ಕೇಳಿದರು. ಕಾಲಿಗಿಂತ ಕೈಗೇ ಭಯ ಹೆಚ್ಚು ಎಂದೆವು.

ಮುಂಗಾಲನ್ನೆತ್ತಿ ಹಿಮ್ಮಡಿಯ ಮೇಲೆ ಭಾರ ಬಿಟ್ಟಾಗ ಮಾತ್ರ ಈ ಬೂಟು ಉರುಳುತ್ತದೆ. ಆ ನಿಲುವಿನಲ್ಲಿ ತೋಲ ತಪ್ಪಿದ ಮಗು ಸಾಮಾನ್ಯವಾಗಿ ಹಿಂದಕ್ಕೆ ಬೀಳುತ್ತದೆ, ಬೀಳುತ್ತ ಕೈಯೂರುತ್ತದೆ. ಮುರಿಯುವುದು ಬಹುಮಟ್ಟಿಗೆ ಮಣಿಕಟ್ಟು, ಕೆಲವೊಮ್ಮೆ ಮೊಣಕೈ.

ಬೆಳೆಯುವ ಮಕ್ಕಳ ನೀಳ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ತೆಳುಪದರವೊಂದಿದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಸುತ್ತಲಿನ ಸ್ನಾಯುಬಂಧಗಳಿಗಿಂತ ಅದು ದುರ್ಬಲ. ಆದಕಾರಣ ದೊಡ್ಡವರಲ್ಲಿ ಬರಿಯ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಈ ಪದರವನ್ನೇ ಬಿರಿಯಿಸಬಹುದು. ಅಲಕ್ಷಿಸಿದರೆ ಕೈ ಸೊಟ್ಟಾಗಿಯೋ ಗಿಡ್ಡವಾಗಿಯೋ ಬೆಳೆದೀತು.

ಉಳುಕೆಂದು ತಿಳಿದು ವಾರವಿಡೀ ಎಣ್ಣೆ ತಿಕ್ಕಿ, ಬಾವು ಇಳಿಯದಾದಾಗ ನಮ್ಮಲ್ಲಿಗೆ ಕರೆತರುವವರಿದ್ದಾರೆ. ಆಯುರ್ವೇದದವರಾದ ನಾವೇ ಹೇಳುತ್ತೇವೆ: ಬಾವು ಬಂದ ಕೈಗೆ ಅಂದೇ ಎಕ್ಸ್-ರೇ ಆಗಬೇಕು, ಅದಕ್ಕೆ ಮುನ್ನ ತಿಕ್ಕುವುದೂ ಎಳೆಯುವುದೂ ಸಲ್ಲದು. ಮುರಿದ ಎಲುಬು ಅಲುಗದಿರಲೆಂದು ಸುಶ್ರುತಾಚಾರ್ಯರು ಅತ್ತಿ, ಅರಳಿ, ಆಲದ ತೊಗಟೆಗಳ ಕಟ್ಟನ್ನು ವಿಧಿಸಿದರು. ದಾರಿಯ ಮಟ್ಟಿಗೆ ಮನೆಯಲ್ಲಿರುವ ದಪ್ಪ ರಟ್ಟು ಸಾಕು.

ಬೂಟನ್ನು ಕೊಂಡಾಗಿದ್ದರೆ, ಶಾಲೆಗೂ ರಸ್ತೆಗೂ ಚಕ್ರ ಬಿಚ್ಚಿಯೇ ಕಳುಹಿಸಿರಿ. ಆಡುವಾಗ ಹೆಲ್ಮೆಟ್ಟೂ ಮಣಿಕಟ್ಟಿನ ಕವಚವೂ ಇರಲಿ.