ಕೊಳವೆ ಕತ್ತರಿಸುವ ಮುನ್ನ

ಹಂಪಿ ಬಜಾರಿನಿಂದ ಕಮಲಾಪುರದ ಕಡೆಗೆ ಹೊರಟು ಮಹಾನವಮಿ ದಿಬ್ಬದ ಬಳಿಗೆ ಬಂದವರು, ಕಲ್ಲುಕಂಬಗಳ ಮೇಲೆ ಸಾಲಾಗಿ ಕೂರಿಸಿರುವ ಕಲ್ಲಿನ ದೋಣಿಗಳನ್ನು ನೋಡಿಯೇ ಇರುತ್ತಾರೆ. ಪುಷ್ಕರಣಿಗೆ ನೀರು ಹರಿದುದು ಇವುಗಳಲ್ಲಿಯೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಅರಸನು ಕಟ್ಟಿಸಿದ ಕೆರೆಯೊಂದಕ್ಕೆ 3 ಹರದಾರಿಗೂ ಹೆಚ್ಚು ದೂರದಿಂದ ಕೊಳವೆಗಳ ಮೂಲಕ ನೀರು ಬರುತ್ತಿತ್ತೆಂದು ಬರೆದಿದ್ದಾನೆ. ಆದುದರಿಂದ ಕೊಳವೆ ಜೋಡಿಸುವ ಕಸಬು ನಮ್ಮ ಸೀಮೆಗೆ ಹೊಸದೇನಲ್ಲ. ಆದರೆ ಕಲ್ಲಿನ ದೋಣಿಗೂ ಇಂದಿನ ಉಕ್ಕಿನ ಕೊಳವೆಗೂ ಒಂದು ಅಂತರವುಂಟು. ದೋಣಿಯ ಬಾಯಿ ತೆರೆದಿರುತ್ತದೆ. ಬಗ್ಗಿ ನೋಡಿದರೆ ನೀರಿದೆಯೋ ಇಲ್ಲವೋ ತಿಳಿಯುತ್ತದೆ. ಉಕ್ಕಿನ ಕೊಳವೆಯಾದರೋ ತನ್ನ ಹೊಟ್ಟೆಯೊಳಗಿನದನ್ನು ಯಾರಿಗೂ ತೋರಿಸದು. ಕಾರ್ಖಾನೆಯಲ್ಲಿ ದುರಸ್ತಿ ಮಾಡುವ ಪೈಪ್ ಫಿಟ್ಟರನ ಮತ್ತು ವೆಲ್ಡರನ ವಿದ್ಯೆಯೆಲ್ಲ ಈ ಒಂದು ತೊಡಕಿನ ಸುತ್ತಲೇ ಬೆಳೆದಿದೆಯೆಂದು ನನ್ನ ಎಣಿಕೆ.

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆಂದು 1971ರಲ್ಲಿ ಶಂಕುಸ್ಥಾಪನೆಯಾಯಿತು. ಜಿಂದಾಲರ ಕಾರ್ಖಾನೆ ಅಲ್ಲಿ ಎದ್ದುದು 1990ರ ದಶಕದಲ್ಲಿ. ಉಕ್ಕಿನ ಕಾರ್ಖಾನೆಯೆಂದರೆ ಅದಿರು, ಬೆಂಕಿ, ಹೊಗೆ ಎಂದು ದಾರಿಹೋಕರಾದ ನಾವು ತಿಳಿಯುತ್ತೇವೆ. ವಾಸ್ತವವಾಗಿ ಅಂಥ ಕಾರ್ಖಾನೆ ಕೊಳವೆಗಳದೊಂದು ಕಾಡು. ನೀರು, ಉಗಿ, ಎಣ್ಣೆ, ಆಮ್ಲಜನಕ, ಸಾರಜನಕ, ಕುಲುಮೆಯ ಅನಿಲ ಎಲ್ಲವೂ ಹರಿಯುವುದು ಕೊಳವೆಗಳಲ್ಲಿ. ಎಲ್ಲಿಯೋ ತುಕ್ಕು ತಿಂದಿತು, ಎಲ್ಲಿಯೋ ಸೋರಿತು ಎಂದಾಗ ಈ ಇಬ್ಬರಿಗೆ ಕರೆ ಬರುತ್ತದೆ.

ಫಿಟ್ಟರನು ಅಳತೆ ಹಿಡಿದು ಕೊಳವೆ ಕತ್ತರಿಸಿ, ಅಂಚುಗಳನ್ನು ಓರೆಯಾಗಿ ಉಜ್ಜಿ, ಎರಡು ತುಂಡುಗಳ ನಡುವೆ 2-3 ಮಿಲಿಮೀಟರಿನಷ್ಟು ಸಂದು ಬಿಟ್ಟು ನೇರಕ್ಕೆ ನಿಲ್ಲಿಸುತ್ತಾನೆ. ವೆಲ್ಡರನು ಆ ಸಂದಿನ ತಳದಿಂದ ಪದರ ಪದರವಾಗಿ ತುಂಬುತ್ತಾ ಬರುತ್ತಾನೆ. ತಳದ ಪದರವೇ ಬೆಸುಗೆಯ ಬೇರು. ಅದು ಸರಿಯಾಗಿ ಕೂಡದಿದ್ದರೆ ಮೇಲಿನ ಪದರಗಳು ಎಷ್ಟು ಅಂದವಾಗಿದ್ದರೂ ವ್ಯರ್ಥ. ವೆಲ್ಡಿಂಗ್ ರಾಡಿನ ಲೇಪಕ್ಕೆ ತೇವ ತಗುಲಿದರೂ ಕೇಡೇ. ತೇವದಲ್ಲಿನ ಜಲಜನಕವು ಕಾದ ಉಕ್ಕಿನೊಳಗೆ ಸೇರಿ, ತಣಿದ ಮೇಲೆ, ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ, ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಮುಖ್ಯವಾದ ಕೆಲಸಗಳಿಗೆ ಬೇಕಾದ ರಾಡುಗಳನ್ನು ಒಲೆಯಲ್ಲಿ ಒಣಗಿಸಿಟ್ಟು, ಬಿಸಿ ಆರುವ ಮೊದಲೇ ಬಳಸುತ್ತಾರೆ. ನಮ್ಮ ಮನೆಗಳಲ್ಲಿ ಮಳೆಗಾಲದ ಹಪ್ಪಳಕ್ಕೂ ಇಷ್ಟು ಆರೈಕೆಯಿಲ್ಲ!

ಇಷ್ಟಾದರೂ ಬೆಸೆಯುವುದು ಈ ಕೆಲಸದ ಚಿಕ್ಕ ಭಾಗ. ದೊಡ್ಡ ಭಾಗವೆಂದರೆ ಕತ್ತರಿಸುವ ಮುನ್ನ ಕೊಳವೆಯನ್ನು ಬರಿದುಮಾಡುವುದು. ವಾಲ್ವು ತಿರುಗಿಸಿ ಮುಚ್ಚಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ವಾಲ್ವಿನ ಒಳಗಿನ ಪೀಠ ಸವೆದಿದ್ದರೆ ಮುಚ್ಚಿದ ಮೇಲೂ ಅದು ಸೋರುತ್ತಲೇ ಇರುತ್ತದೆ. ನಮ್ಮ ಬೀದಿ ನಲ್ಲಿಯೇ ಇದಕ್ಕೆ ಸಾಕ್ಷಿ. ಆದುದರಿಂದ ಎರಡು ಫ್ಲೇಂಜುಗಳ ನಡುವೆ ಉಕ್ಕಿನ ತಟ್ಟೆಯೊಂದನ್ನು ತೂರಿಸಿ ಬೋಲ್ಟು ಬಿಗಿಯುತ್ತಾರೆ. ಇದಕ್ಕೆ ಕೆಲಸಗಾರರು 'ಬ್ಲೈಂಡ್' ಎನ್ನುತ್ತಾರೆ. ಊದುಕುಲುಮೆಯ ಅನಿಲದಲ್ಲಿ ನೂರಕ್ಕೆ 20ಕ್ಕೂ ಹೆಚ್ಚು ಪಾಲು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಕಸಿದುಕೊಳ್ಳುತ್ತದೆ. ಅದನ್ನು ಹೊರದೂಡಲು ಸಾರಜನಕ ಹಾಯಿಸುತ್ತಾರೆ. ಆ ಸಾರಜನಕವೂ ತುಂಬಿದ ಕೊಳವೆಯೊಳಗೆ ತಲೆಹಾಕಿದವನನ್ನು ಉಸಿರಿಲ್ಲದೆ ಕೆಡವಬಲ್ಲದು. ಹೀಗಾಗಿ ಮತ್ತೆ ಗಾಳಿ ಹಾಯಿಸಿ, ಯಂತ್ರದಿಂದ ಅಳೆದು ನೋಡಿದ ನಂತರವೇ ಒಳಗೆ ಇಳಿಯಬೇಕು.

ಇವೆಲ್ಲ ಆಗಿವೆಯೆಂದು ಬರೆದು, ಹೊಣೆಗಾರರು ಸಹಿ ಹಾಕುವ ಕಾಗದವೇ ಪರ್ಮಿಟ್. ಕಾಗದವೆಂದು ಅಲಕ್ಷಿಸುವಂತಿಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲಕಟ್ಟೆಯಲ್ಲಿ ಹಗಲು ಪಾಳಿಯವರು ಒಂದು ಪಂಪಿಗೆ ಸೇರಿದ ರಕ್ಷಣಾ ವಾಲ್ವನ್ನು ದುರಸ್ತಿಗೆಂದು ಬಿಚ್ಚಿ, ತೆರೆದ ಬಾಯಿಗೆ ತಟ್ಟೆಯೊಂದನ್ನು ಕೂರಿಸಿದ್ದರು. ಕೆಲಸ ಮುಗಿದಿರಲಿಲ್ಲ. ವಾಲ್ವು ಇಲ್ಲವೆಂಬ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತುಹೋದಾಗ ಅವರು ಇದನ್ನೇ ಚಾಲೂ ಮಾಡಿದರು. ತಟ್ಟೆಯ ಸಂದಿನಿಂದ ಅನಿಲ ನುಗ್ಗಿ ಸಿಡಿಯಿತು. 167 ಮಂದಿ ಸತ್ತರು. ಅಲ್ಲಿ ಬರೆಹವಿತ್ತು, ಆದರೆ ಅದು ತಲುಪಬೇಕಾದವರಿಗೆ ತಲುಪಲಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿ ನಾನು ಈ ವಿಷಯವನ್ನು ಎತ್ತಿಕೊಂಡುದು ಇದಕ್ಕಾಗಿಯೇ. ನನ್ನ ತಂದೆಯವರು ಬೇರೆ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದವರು. ಓದಿದ್ದು ಕನ್ನಡದಲ್ಲಿ, ಏಳನೆಯ ತರಗತಿಯವರೆಗೆ. ಅವರು ಕೆಲಸ ಮಾಡಿದಲ್ಲಿ ಪರ್ಮಿಟ್ ಪೂರ್ತಿಯಾಗಿ ಇಂಗ್ಲಿಷಿನಲ್ಲಿತ್ತು. ಓದಲು ಬಾರದೆ ಸಹಿ ಹೇಗೆ ಹಾಕುತ್ತಿದ್ದಿರೆಂದು ಕೇಳಿದೆ. "ಸೂಪರ್‌ವೈಸರ್ರು ಬಾಯಾಗ ಹೇಳ್ತಿದ್ರಪ್ಪ, ನಾವು ಸಹಿ ಮಾಡ್ತಿದ್ವಿ. ಎಲ್ಲಾ ಹೇಳ್ಯಾರೋ ಇಲ್ಲೋ ಹೆಂಗ ಗೊತ್ತಾಗ್ಬೇಕು?" ಎಂದರು.

ಕೊಳವೆಯೊಳಗಿನದು ಹೇಗೂ ಕಾಣದು. ಕಾಗದದ ಮೇಲಿನದೂ ಕಾಣದಂತಾದರೆ ಆ ಮನುಷ್ಯನು ಯಾವುದನ್ನು ನಂಬಿ ಗರಗಸ ಹಿಡಿಯಬೇಕು? ಇಂಥ ಕಾಗದಗಳು ಕನ್ನಡದಲ್ಲಿಯೂ ಇರಬೇಕು. ಹಾಗೆಂದು 'ಪ್ರತ್ಯೇಕೀಕರಣ'ದಂತಹ ಪದಗಳನ್ನು ತುಂಬಿದರೆ ಅದು ಇಂಗ್ಲಿಷಿಗಿಂತಲೂ ಕಷ್ಟವಾದೀತು. ಬ್ಲೈಂಡ್, ವಾಲ್ವು, ಫ್ಲೇಂಜು ಎಂಬ ಮಾತುಗಳು ಕೆಲಸಗಾರರ ನಾಲಗೆಯಲ್ಲಿ ಎಂದೋ ಕನ್ನಡವಾಗಿವೆ. ಅವು ಹಾಗೆಯೇ ಇರಲಿ. ತಂದೆಯವರನ್ನು ಕೂರಿಸಿಕೊಂಡು ನಾನು ಒಂದು ಹಾಳೆಯಲ್ಲಿ ಬರೆದುಕೊಂಡ ಪ್ರಶ್ನೆಗಳು ಇವು: ಈ ಪೈಪಿನಲ್ಲಿ ಇಲ್ಲಿಯವರೆಗೆ ಏನು ಹರಿಯುತ್ತಿತ್ತು? ಎರಡೂ ಕಡೆ ಬ್ಲೈಂಡ್ ಹಾಕಿದೆಯೇ? ಹಾಕಿದ್ದನ್ನು ನೀನು ಕಣ್ಣಾರೆ ನೋಡಿದೆಯಾ? ಗ್ಯಾಸು ಅಳೆದವರು ಯಾರು, ಎಷ್ಟು ಗಂಟೆಗೆ? ಕಡೆಯ ಪ್ರಶ್ನೆಯನ್ನು ತಂದೆಯವರು ತಾವೇ ಹೇಳಿ ಬರೆಸಿದರು: ಕೆಲಸ ಅರ್ಧಕ್ಕೆ ನಿಂತಿದ್ದರೆ, ಮುಂದಿನ ಪಾಳಿಯಲ್ಲಿ ಯಾರಿಗೆ ಹೇಳಿದ್ದೀರಿ?